ನಾಬ್ ಮುಟ್ಟಿದರೆ ಮೈಲಿಗೆಯೇ?

ಭಾಗವತ ಕಾಳಿಂಗ ನಾವಡರ ಪದ್ಯ ಕೇಳುವಾಗ ಟ್ರೆಬಲ್ ಎಷ್ಟಿಟ್ಟುಕೊಳ್ಳಬೇಕು? ಉಡುಪಿ ಸೀಮೆಯ ಯಕ್ಷಗಾನದ ಹುಚ್ಚಿನ ಮನೆಗಳಲ್ಲಿ ಇದು ಹುಡುಗಾಟದ ಪ್ರಶ್ನೆಯಲ್ಲ. ನಾವಡರು ಅಪಘಾತದಲ್ಲಿ ತೀರಿಕೊಂಡದ್ದು 1990ರಲ್ಲಿ. ಅವರ ದನಿ ನಮ್ಮ ಪಾಲಿಗೆ ಉಳಿದಿರುವುದು ಕ್ಯಾಸೆಟ್ಟುಗಳಲ್ಲಿ, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಏರಿ ಈಗ ಮೊಬೈಲಿನಿಂದ ಮೊಬೈಲಿಗೆ ಹಾರುವ ಫೈಲುಗಳಲ್ಲಿ. ಟ್ರೆಬಲ್ ಏರಿಸಿದರೆ ತಾಳದ ಕಿಣಿಕಿಣಿ ಬಿಡಿಬಿಡಿಯಾಗಿ ಕೇಳುತ್ತದೆ, ಅದರ ಬೆನ್ನಿಗೇ ಟೇಪಿನ ‘ಸ್ಸ್’ ಎಂಬ ಸದ್ದೂ ಏಳುತ್ತದೆ. ಇಳಿಸಿದರೆ ಆ ಸದ್ದು ಅಡಗುತ್ತದೆ, ಜೊತೆಗೆ ಚಂಡೆಯ ಪೆಟ್ಟಿನ ಮೊನೆಯೂ ಮೊಂಡಾಗುತ್ತದೆ. ಎಲ್ಲೋ ನಡುವೆ ಒಂದು ಜಾಗ ಇದೆ. ಅದನ್ನು ಹುಡುಕಿಕೊಳ್ಳಲೆಂದೇ ಆ ನಾಬ್ ಇರುವುದು.

ಹೈಫೈ ಮಡಿವಂತರಿಗೆ ಈ ಮಾತು ಸೇರುವುದಿಲ್ಲ. ಬೇಸ್, ಟ್ರೆಬಲ್ ನಾಬ್‌ಗಳನ್ನು ನಡುಗೆರೆಯಿಂದ ಕದಲಿಸುವುದೇ ಅಪಚಾರ, ಧ್ವನಿಮುದ್ರಿಸಿದವರು ಹೇಗೆ ಕೊಟ್ಟಿದ್ದಾರೋ ಹಾಗೇ ಕೇಳಬೇಕು ಎನ್ನುತ್ತಾರೆ ಅವರು. 1970–80ರ ದಶಕಗಳಲ್ಲಿ ಬ್ರಿಟನ್ನಿನ ನೈಮ್‌ನಂಥ ಕಂಪೆನಿಗಳು ಈ ನಾಬ್‌ಗಳೇ ಇಲ್ಲದ ಆಂಪ್ಲಿಫೈಯರುಗಳನ್ನು ಮಾಡಿ ಮಾರಿದವು. ನಾಬ್ ಉಳಿಸಿಕೊಂಡ ಬೇರೆ ಕಂಪೆನಿಗಳು ಪಕ್ಕದಲ್ಲೇ ‘ಡೈರೆಕ್ಟ್’ ಎಂಬ ಗುಂಡಿಯನ್ನೂ ಕೂರಿಸಿದವು. ಅದನ್ನು ಒತ್ತಿದರೆ ಬೇಸ್, ಟ್ರೆಬಲ್‌ಗಳ ಗೊಡವೆಯಿಲ್ಲದೆ ಸಂಗೀತ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. ದುಬಾರಿ ಯಂತ್ರ ಕೊಂಡವರು ಆ ಗುಂಡಿ ಒತ್ತಿಯೇ ಇಡುತ್ತಾರೆ. ಅದರ ದೀಪ ಉರಿಯುತ್ತಿದ್ದರೆ ಏನೋ ಒಂದು ಸಮಾಧಾನ.

ನನಗೆ ಈ ಮಡಿ ಒಪ್ಪಿಗೆಯಿಲ್ಲ. ಯಾವುದನ್ನು ಮೂಲ ಎನ್ನೋಣ? ಕೃಷ್ಣಮಠದ ರಾಜಾಂಗಣದಲ್ಲಿ ಎದುರು ಕೂತು ಕಛೇರಿ ಕೇಳಿದರೂ ಕಿವಿಗೆ ಬೀಳುವುದು ಮೈಕಿನವರು ಹದ ಮಾಡಿ ಬಿಟ್ಟ ಸದ್ದು. ಮೃದಂಗದ ಎಡಭಾಗದ ‘ಗುಂ’ ಎಷ್ಟು ಕೇಳಬೇಕು, ಪಿಟೀಲು ಎಷ್ಟು ಚೂಪಾಗಿರಬೇಕು ಎಂಬುದನ್ನು ತೀರ್ಮಾನಿಸಿದ್ದು ಸಭೆಯ ಹಿಂದೆಯೋ ಪಕ್ಕದಲ್ಲೋ ಕೂತ ಆ ಮನುಷ್ಯ. ಬಯಲಾಟದ ರಂಗಸ್ಥಳದಲ್ಲೂ ಅಷ್ಟೆ; ಭಾಗವತರ ಶ್ರುತಿ ಏರಿದ ಹಾಗೆ ಮೈಕ್‌ಸೆಟ್ಟಿನವರ ಕೈ ಆಂಪ್ಲಿಫೈಯರಿನ ಮೇಲೆ ಆಡುತ್ತಲೇ ಇರುತ್ತದೆ. ಸ್ಟುಡಿಯೋ ಮುದ್ರಣದಲ್ಲಂತೂ ಪ್ರತಿ ವಾದ್ಯಕ್ಕೂ ಬೇರೆಬೇರೆ ತಿದ್ದುಪಡಿ ಆಗಿರುತ್ತದೆ.

ಎಲ್‌ಪಿ ತಟ್ಟೆಗಳ ಕಥೆ ಇನ್ನೂ ಸ್ವಾರಸ್ಯದ್ದು. ಕೆಳಗಿನ ಸ್ವರಗಳನ್ನು ಇದ್ದ ಹಾಗೇ ಕೊರೆದರೆ ತಟ್ಟೆಯ ಗೆರೆ ತುಂಬಾ ಅಗಲವಾಗಿ ಓಲಾಡುತ್ತದೆ, ಒಂದು ಬದಿಯಲ್ಲಿ ಹಿಡಿಸುವ ಹಾಡು ಕಡಿಮೆಯಾಗುತ್ತದೆ. ಮೇಲಿನ ಸ್ವರಗಳನ್ನು ಇದ್ದ ಹಾಗೇ ಬಿಟ್ಟರೆ ಅವು ಸೂಜಿಯ ಉಜ್ಜಾಟದ ಸದ್ದಿನಲ್ಲಿ ಮುಳುಗುತ್ತವೆ. ಅದಕ್ಕಾಗಿ ಕೊರೆಯುವಾಗಲೇ ಬೇಸನ್ನು ತಗ್ಗಿಸಿ ಟ್ರೆಬಲನ್ನು ಎತ್ತುತ್ತಾರೆ, ನುಡಿಸುವಾಗ ಆಂಪ್ಲಿಫೈಯರ್ ಅದನ್ನು ತಿರುಗುಮುರುಗು ಮಾಡುತ್ತದೆ. 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘಟನೆ ಆರ್‌ಐಎಎ ಇದಕ್ಕೊಂದು ಮಾನದಂಡ ಗೊತ್ತುಮಾಡಿತು. ಆ ಲೆಕ್ಕದಂತೆ ನುಡಿಸುವಾಗ 20 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್ ಎತ್ತಬೇಕು, 20,000 ಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಸಬೇಕು. ಅಂದರೆ ಬೇಸ್ ನಾಬ್ ಮುಟ್ಟುವುದಿಲ್ಲ ಎಂದು ಹಟ ಹಿಡಿದ ಎಲ್‌ಪಿ ಪ್ರೇಮಿ ಮನೆಯ ಯಾವ ನಾಬೂ ಕೊಡಲಾರದಷ್ಟು ದೊಡ್ಡ ತಿದ್ದುಪಡಿಯನ್ನು ದಿನವೂ ಕೇಳುತ್ತಿದ್ದಾನೆ! ಅದಕ್ಕೂ ಹಿಂದಿನ 78 ಆರ್‌ಪಿಎಂ ತಟ್ಟೆಗಳಲ್ಲಿ ಕಂಪೆನಿಗೊಂದು ಲೆಕ್ಕ. ಅವನ್ನು ಇಂದಿನ ಯಂತ್ರದಲ್ಲಿ ಹಾಕಿದಾಗ ದನಿ ಎಲ್ಲೋ ಉಬ್ಬಿ ಎಲ್ಲೋ ಸೊರಗಿ ಕೇಳಿದರೆ ತಪ್ಪು ಗಾಯಕರದಲ್ಲ. ಸರಿಮಾಡಲು ಕೈಯಲ್ಲಿರುವುದು ಅದೇ ಎರಡು ನಾಬ್‌ಗಳು.

ಅವು ಮಾಡುವುದೇನು ಎಂದು ಒಮ್ಮೆ ನೋಡಿಬಿಡೋಣ. ವಾಲ್ವ್ ರೇಡಿಯೋಗಳ ಕಾಲದಲ್ಲಿ ಬಹುತೇಕ ಸೆಟ್ಟುಗಳಿಗೆ ‘ಟೋನ್’ ಎಂಬ ಒಂದೇ ತಿರುಗುಗುಂಡಿ ಇರುತ್ತಿತ್ತು. ಅದಕ್ಕೆ ಬರುತ್ತಿದ್ದ ವಿದ್ಯೆಯೂ ಒಂದೇ, ಮೇಲಿನ ಸ್ವರಗಳನ್ನು ಕತ್ತರಿಸುವುದು. 1952ರಲ್ಲಿ ಪೀಟರ್ ಬ್ಯಾಕ್ಸಂಡಾಲ್ ಎಂಬ ಇಂಗ್ಲಿಷ್ ಎಂಜಿನಿಯರ್ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಸರ್ಕ್ಯೂಟ್ ಪ್ರಕಟಿಸಿದ. ಬೇಸ್, ಟ್ರೆಬಲ್ ಎರಡನ್ನೂ ಬೇರೆಬೇರೆಯಾಗಿ ಏರಿಸಬಹುದು, ಇಳಿಸಬಹುದು, ನಡುಗೆರೆಯಲ್ಲಿಟ್ಟರೆ ಏನೂ ಮಾಡದಂತೆ ಬಿಡಲೂಬಹುದು. ಜಗತ್ತಿನ ಬಹುತೇಕ ಆಂಪ್ಲಿಫೈಯರುಗಳು ಅದನ್ನೋ ಅದರ ಮರಿಮಕ್ಕಳನ್ನೋ ಬಳಸಿಕೊಂಡವು. ಸಾಮಾನ್ಯವಾಗಿ 1000 ಹರ್ಟ್ಸ್ ಆಸುಪಾಸು ಕದಲುವುದಿಲ್ಲ. ಅಲ್ಲಿಂದ ಕೆಳಕ್ಕೆ ಹೋದಂತೆ ಬೇಸ್ ನಾಬಿನ ಕೈ ಬಲವಾಗುತ್ತದೆ, ಮೇಲಕ್ಕೆ ಹೋದಂತೆ ಟ್ರೆಬಲ್ ನಾಬಿನದು. ಪೂರ್ತಿ ತಿರುಗಿಸಿದರೆ 100 ಹರ್ಟ್ಸ್‌ನಲ್ಲೂ 10,000 ಹರ್ಟ್ಸ್‌ನಲ್ಲೂ ಸುಮಾರು 10 ಡೆಸಿಬೆಲ್ ವ್ಯತ್ಯಾಸ.

ಇದನ್ನು ನಮ್ಮ ಸಂಗೀತದ ಲೆಕ್ಕಕ್ಕೆ ತರೋಣ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಗೆ ತಂಬೂರಿ ಕೂಡಿಸಿದರೆ ನಡುವಿನ ತಂತಿಗಳ ಷಡ್ಜ ಸುಮಾರು 131 ಹರ್ಟ್ಸ್, ಪಂಚಮ 98, ಕೊನೆಯ ಮಂದ್ರ ಷಡ್ಜ 65. ಅಂದರೆ ಬೇಸ್ ನಾಬ್ ತಿರುಗಿಸುವಾಗ ನೀವು ಮುಟ್ಟುತ್ತಿರುವುದು ತಂಬೂರಿಯ ಬುಡವನ್ನು, ಮೃದಂಗದ ಎಡಭಾಗವನ್ನು, ಗಂಡುದನಿಯ ಎದೆಯ ತುಂಬನ್ನು. ಸಾಹಿತ್ಯದ ಸ, ಶ, ತ, ಚ ಇವೆಲ್ಲ ಟ್ರೆಬಲ್ ನಾಬಿನ ಸೀಮೆಯಲ್ಲಿವೆ, ತಾಳ, ಜಾಗಟೆ, ತಂಬೂರಿಯ ಜೀವಾಳದ ಝೇಂಕಾರವೂ ಅಲ್ಲೇ. ಹಾಡಿನ ಸ್ವರ ಓಡಾಡುವ ನಡುಮನೆಗೆ ಎರಡು ನಾಬ್‌ಗಳೂ ಅಷ್ಟಾಗಿ ಕೈಹಾಕುವುದಿಲ್ಲ.

ಇನ್ನು ಕಿವಿ. ಕಿವಿ ಎಲ್ಲ ಸ್ವರಗಳನ್ನೂ ಒಂದೇ ಅಳತೆಯಲ್ಲಿ ಕೇಳಿಸಿಕೊಳ್ಳುವ ಯಂತ್ರವಲ್ಲ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಆಮೇಲೆ ಬಂದ ಅಂತಾರಾಷ್ಟ್ರೀಯ ಮಾನದಂಡಗಳು ಆ ಅಳತೆಯನ್ನು ಇನ್ನಷ್ಟು ತಿದ್ದಿವೆ. ಮೆಲ್ಲಗೆ, 40 ಡೆಸಿಬೆಲ್ಲಿನಲ್ಲಿ ಕೇಳುವ 1000 ಹರ್ಟ್ಸ್ ಸ್ವರದಷ್ಟೇ 100 ಹರ್ಟ್ಸ್ ಸ್ವರವೂ ಕೇಳಬೇಕಾದರೆ ಅದಕ್ಕೆ ಸುಮಾರು 24 ಡೆಸಿಬೆಲ್ ಹೆಚ್ಚು ಬೇಕು. ಜೋರಾಗಿ, 80 ಡೆಸಿಬೆಲ್ಲಿನಲ್ಲಿ ಕೇಳುವಾಗ ಅದರ ಅರ್ಧ, 12ರಷ್ಟು ಸಾಕು. ಹಗಲು ಜೋರಾಗಿ ಕೇಳಿದ ಅದೇ ಹಾಡನ್ನು ರಾತ್ರಿ ಮೆಲ್ಲಗೆ ಹಾಕಿದಾಗ ಮೃದಂಗ ಸೊರಗಿ ಹೋದಂತೆ ಅನಿಸುವುದು ಇದರಿಂದಲೇ. ಆಂಪ್ಲಿಫೈಯರ್ ಕೆಟ್ಟಿಲ್ಲ, ಕಿವಿಯೂ ಕೆಟ್ಟಿಲ್ಲ. ಹಳೆಯ ಸೆಟ್ಟುಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುತ್ತಿದ್ದದ್ದು ಈ ಕೊರತೆ ತುಂಬಲಿಕ್ಕೆ. ಅದನ್ನು ‘ಇನ್ನೂ ಜೋರು’ ಎಂಬ ಅರ್ಥದಲ್ಲಿ ತೆಗೆದುಕೊಂಡು ಮದುವೆ ಮನೆಯಲ್ಲಿ ಪೂರ್ತಿ ಸದ್ದಿನ ಮೇಲೂ ಒತ್ತಿದವರಿದ್ದಾರೆ. ಗುಂಡಿಯ ಹೆಸರೇ ಹಾಗಿರುವಾಗ ಅವರನ್ನು ಬೈಯುವುದು ಹೇಗೆ?

ರಾತ್ರಿಯ ಮಾತು ಬಂದದ್ದರಿಂದ ಕಾನೂನನ್ನೂ ಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಅಷ್ಟರಲ್ಲಿ ಕೇಳುವವನ ಕಿವಿಗೆ ಬೇಸ್ ಬೇಕು. ಆದರೆ ಮಣಿಪಾಲದ ಫ್ಲ್ಯಾಟುಗಳಲ್ಲಿ ಗೋಡೆ, ಸ್ಲ್ಯಾಬ್ ದಾಟಿ ಕೆಳಮನೆಯವರ ತಲೆದಿಂಬಿಗೆ ತಲುಪುವುದೂ ಬೇಸೇ, ಟ್ರೆಬಲ್ ಗೋಡೆಯಲ್ಲೇ ಸತ್ತುಹೋಗುತ್ತದೆ. ಈ ಜಗಳಕ್ಕೆ ಹೆಡ್‌ಫೋನ್ ಬಿಟ್ಟು ಬೇರೆ ಪರಿಹಾರ ನನಗೆ ತೋಚಿಲ್ಲ.

ಕೋಣೆ ಎಂಬುದು ಕೂಡ ಒಂದು ವಾದ್ಯವೇ, ಮತ್ತು ಉಡುಪಿ ಜಿಲ್ಲೆಯಲ್ಲಿ ಅದರ ಎರಡು ತುದಿಗಳು ಸ್ವಲ್ಪ ಹೊತ್ತಿನ ಬಸ್ಸಿನ ಅಂತರದಲ್ಲಿ ಸಿಗುತ್ತವೆ. ಕಾರ್ಕಳದ ಕಡೆಯ ಹಳೆಯ ಮನೆಗಳನ್ನು ನೋಡಿ. ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು, ಅಂಗಳಕ್ಕೆ ತೆರೆದ ಜಗಲಿ ಅಥವಾ ಚಾವಡಿ. ಹೆಂಚಿನ ಸಂದುಗಳಲ್ಲಿ, ತೆರೆದ ಬದಿಯಲ್ಲಿ ಕೆಳಸ್ವರಗಳು ಹೊರಗೆ ಸೋರಿ ಹೋಗುತ್ತವೆ. ಅಲ್ಲಿ ಬೇಸ್ ನಾಬನ್ನು ಎರಡು ಗೆರೆ ಏರಿಸಿದರೆ ತಪ್ಪೇನಿಲ್ಲ. ಮಳೆಗಾಲದಲ್ಲಿ ಅದೇ ಹೆಂಚಿನ ಮೇಲೆ ಆಟಿಯ ಮಳೆ ಸುರಿಯುವಾಗ ಪದ್ಯದ ಅಕ್ಷರಗಳೆಲ್ಲ ಮಳೆಯ ಸದ್ದಿನಲ್ಲಿ ಕರಗುತ್ತವೆ. ಆಗ ವಾಲ್ಯೂಮ್ ಏರಿಸುವುದಕ್ಕಿಂತ ಟ್ರೆಬಲನ್ನು ಒಂದು ಗೆರೆ ಏರಿಸಿದರೆ ಸಾಹಿತ್ಯ ಬಿಡಿಸಿಕೊಂಡು ಬರುತ್ತದೆ.

ಮಣಿಪಾಲದ ಹೊಸ ಫ್ಲ್ಯಾಟು ಇದಕ್ಕೆ ತದ್ವಿರುದ್ಧ. ನೆಲಕ್ಕೆ ಹೊಳೆಯುವ ಟೈಲ್ಸ್, ಬಾಲ್ಕನಿಗೆ ಗಾಜಿನ ಬಾಗಿಲು, ಗೋಡೆಗೆ ಪೇಂಟ್ ಬಿಟ್ಟರೆ ಇನ್ನೇನಿಲ್ಲ. ಅಲ್ಲಿ ಚಪ್ಪಾಳೆ ತಟ್ಟಿದರೆ ಅದರ ಬಾಲ ಗಣಗಣ ಎನ್ನುತ್ತದೆ. ಅಂಥ ಕೋಣೆಯಲ್ಲಿ ಪಿಟೀಲು ಕಿವಿ ಕೊರೆಯುವುದು ಸಹಜ. ಟ್ರೆಬಲ್ ಇಳಿಸಿದರೆ ಕೊರೆತ ಕಡಿಮೆಯಾಗುತ್ತದೆ ನಿಜ, ಆದರೆ ಗೋಡೆಯ ಪ್ರತಿಧ್ವನಿಯ ಜೊತೆಗೆ ಪಿಟೀಲಿನ ನೇರ ದನಿಯೂ ಮಂಕಾಗುತ್ತದೆ. ನೆಲಕ್ಕೊಂದು ಜಮಖಾನ, ಗಾಜಿಗೊಂದು ದಪ್ಪ ಪರದೆ ಹಾಕಿ ನೋಡಿ, ಆಮೇಲೂ ಬೇಕೆನಿಸಿದರೆ ನಾಬಿಗೆ ಕೈಹಾಕಿ.

ಇದೇ ಫ್ಲ್ಯಾಟಿನ ಇನ್ನೊಂದು ಕಾಯಿಲೆಗೆ ನಾಬಿನಲ್ಲಿ ಮದ್ದೇ ಇಲ್ಲ. ಎದುರುಬದುರು ಗೋಡೆಗಳ ನಡುವೆ ಕೆಲವು ಕೆಳಸ್ವರಗಳು ಮಾತ್ರ ಸಿಕ್ಕಿಕೊಂಡು ಗುಂಯ್‌ಗುಡುತ್ತವೆ. ನಮ್ಮ ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಆ ಸ್ವರ ಸಿಗುತ್ತದೆ. ಹನ್ನೆರಡು ಅಡಿ ಉದ್ದದ ಕೋಣೆಗೆ ಸುಮಾರು 48 ಹರ್ಟ್ಸ್, ಅದರ ದುಪ್ಪಟ್ಟು 95. ಹತ್ತು ಅಡಿಗೆ 57, ದುಪ್ಪಟ್ಟು 114. ತಂಬೂರಿಯ ಪಂಚಮ 98 ಎಂದೆನಲ್ಲ, ಹನ್ನೆರಡು ಅಡಿಯ ಕೋಣೆಯಲ್ಲಿ ಅದು 95ರ ಪಕ್ಕದಲ್ಲೇ ಕೂತಿದೆ. ಷಡ್ಜಕ್ಕಿಲ್ಲದ ಉಬ್ಬು ಪಂಚಮಕ್ಕೆ ಬಂದು ‘ಈ ಮುದ್ರಣವೇ ಸರಿಯಿಲ್ಲ’ ಎನಿಸುತ್ತದೆ. ಬೇಸ್ ಇಳಿಸಿದರೆ ಉಬ್ಬೂ ಇಳಿಯುತ್ತದೆ, ಉಬ್ಬಿಲ್ಲದ ಸ್ವರಗಳೂ ಬಡವಾಗುತ್ತವೆ. ಮಾಡಬೇಕಾದ್ದು ಬೇರೆ. ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆಗೆ ತನ್ನಿ, ನೀವು ಕೂರುವ ಸೋಫಾವನ್ನು ಹಿಂಗೋಡೆಯಿಂದ ಸ್ವಲ್ಪ ಮುಂದೆ ಎಳೆಯಿರಿ. ಮೂಲೆಯಲ್ಲಿಟ್ಟ ಸ್ಪೀಕರಿಗೆ ಗೋಡೆ, ನೆಲಗಳೇ ಬೇಸ್ ಕೂಡಿಸುತ್ತವೆ. ಟಿವಿ ಸ್ಟ್ಯಾಂಡಿನ ಅಂದಕ್ಕೋಸ್ಕರ ಸ್ಪೀಕರನ್ನು ಮೂಲೆಗೆ ನೂಕಿ ಆಮೇಲೆ ಬೇಸ್ ಜಾಸ್ತಿಯಾಯಿತೆಂದು ಅಂಗಡಿಯವನನ್ನು ದೂರುವುದು ನಮ್ಮಲ್ಲಿ ಮಾಮೂಲು.

ಏರಿಸುವಾಗ ಒಂದು ಲೆಕ್ಕ ತಲೆಯಲ್ಲಿರಲಿ. 3 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಎರಡರಷ್ಟು ಶಕ್ತಿ ಕೊಡಬೇಕು, 10 ಏರಿಸಿದರೆ ಹತ್ತರಷ್ಟು. ಮೃದಂಗದ ಒಂದು ಗುಮಕಿಗೆ 5 ವಾಟ್ ಸಾಕಾಗುತ್ತಿದ್ದಲ್ಲಿ ಬೇಸ್ ಪೂರ್ತಿ ತಿರುಗಿಸಿದ ಮೇಲೆ 50 ವಾಟ್ ಬೇಕು. ನಿಮ್ಮದು 20 ವಾಟಿನ ಸೆಟ್ಟಾದರೆ ಅದು ಕೊಡಲಾಗದೆ ಅಲೆಯ ತಲೆ ಕತ್ತರಿಸಿ ಕೊಡುತ್ತದೆ, ಆ ಒಡಕು ಸದ್ದು ಕೊನೆಗೆ ಸುಡುವುದು ಟ್ವೀಟರನ್ನು. ಸ್ಪೀಕರಿನ ಕಷ್ಟ ಇನ್ನೊಂದು ತೆರನಾದದ್ದು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಸದ್ದಿಗೆ ಅದರ ಕೋನ್ ನಾಲ್ಕರಷ್ಟು ಹಿಂದೆಮುಂದೆ ಓಡಬೇಕು. ನಾಲ್ಕಿಂಚಿನ ಬಡಪಾಯಿ ಎಷ್ಟೆಂದು ಓಡೀತು? ಹಾಗಾಗಿ ಏರಿಸುವುದಕ್ಕಿಂತ ಇಳಿಸುವುದು ಕ್ಷೇಮ. ಬೇಸ್ ಕಡಿಮೆ ಎನಿಸಿದರೆ ಮೊದಲು ಟ್ರೆಬಲ್ ಒಂದು ಗೆರೆ ತಗ್ಗಿಸಿ ವಾಲ್ಯೂಮ್ ತುಸು ಏರಿಸಿ ನೋಡಬಹುದು. ಇಂಗ್ಲೆಂಡಿನ ಕ್ವಾಡ್ ಕಂಪೆನಿ 1982ರ ತನ್ನ ‘34’ ಮಾದರಿಯಲ್ಲಿ ಇದನ್ನೇ ‘ಟಿಲ್ಟ್’ ಎಂಬ ಒಂದೇ ನಾಬಿಗೆ ಇಳಿಸಿತ್ತು. ಒಂದು ಬದಿ ಏರಿದಷ್ಟು ಇನ್ನೊಂದು ಬದಿ ಇಳಿಯುತ್ತದೆ, ಅದೂ ಸಣ್ಣಸಣ್ಣ ಮೆಟ್ಟಿಲುಗಳಲ್ಲಿ. ನಮ್ಮ ಮಾರುಕಟ್ಟೆಗೆ ಅಂಥದ್ದು ಬರಲಿಲ್ಲ.

ನಮಗೆ ಬಂದದ್ದು ಗಲ್ಫಿನ ಟೂ ಇನ್ ವನ್. ದುಬೈ, ಮಸ್ಕತ್, ಬಹ್ರೈನ್‌ಗಳಿಂದ ರಜೆಗೆ ಬಂದವರ ಜೊತೆಗೆ ಉಡುಪಿ, ಕಾಪುಗಳ ಮನೆಗಳಿಗೆ ಬಂದಿಳಿದ ನ್ಯಾಷನಲ್ ಪ್ಯಾನಸೋನಿಕ್, ಸೋನಿ, ಐವಾ ಸೆಟ್ಟುಗಳಲ್ಲಿ ನಾಬಿನ ಬದಲು ಐದು ಜಾರುಗುಂಡಿಗಳ ‘ಈಕ್ವಲೈಸರ್’ ಇರುತ್ತಿತ್ತು. 100, 330, 1000, 3300, 10,000 ಎಂದು ಬರೆದಿರುತ್ತಿದ್ದ ಆ ಐದನ್ನೂ ಎಲ್ಲ ಮನೆಗಳಲ್ಲೂ ಒಂದೇ ಥರ ಇಡುತ್ತಿದ್ದರು, ಎರಡು ತುದಿ ಮೇಲೆ, ನಡುವಿನದು ಕೆಳಗೆ. ನೋಡಲು ನಗುಮುಖದಂತೆ ಚೆಂದ. ಆದರೆ ನಡುವಿನಲ್ಲಿರುವುದು ಮನುಷ್ಯನ ದನಿ. ಭಾಗವತರನ್ನು ಹಿಂದಕ್ಕೆ ತಳ್ಳಿ ಚಂಡೆಯನ್ನೂ ತಾಳವನ್ನೂ ಮುಂದೆ ಕೂರಿಸಿದಂತಾಯಿತು. ಹಳೆಯ ಮೊನೋ ಮುದ್ರಣದ ಚಿತ್ರಗೀತೆಗಳಿಗೂ ಇದರಿಂದ ಲಾಭವಿಲ್ಲ, ತುದಿಗಳಲ್ಲಿ ಅವಕ್ಕೆ ಹೇಳಿಕೊಳ್ಳುವಂಥ ಆಸ್ತಿಯೇ ಇಲ್ಲ. ಇನ್ನು ಈಗಿನ ಹಾಡುಗಳು. ನಮ್ಮದೇ ಜಿಲ್ಲೆಯ ಬಸ್ರೂರಿನ ರವಿ ಬಸ್ರೂರು ‘ಕೆಜಿಎಫ್’ಗೆ ಕೊಟ್ಟ ಸಂಗೀತದಲ್ಲಿ ಕೆಳಸ್ವರಗಳು ಆಗಲೇ ಅಂಚಿನವರೆಗೆ ತುಂಬಿವೆ. ಅದಕ್ಕೆ ಮೇಲಿಂದ ಬೇಸ್ ಸುರಿದರೆ ಚೆಲ್ಲುತ್ತದೆ, ಅಷ್ಟೆ. ಮೊಬೈಲಿನ ಈಕ್ವಲೈಸರಿನಲ್ಲಂತೂ ಅಂಚು ದಾಟಿದ ತಕ್ಷಣ ಒಡಕು, ಅಲ್ಲಿ ಇಳಿಸುವುದೊಂದೇ ದಾರಿ.

ಕ್ಯಾಸೆಟ್ಟಿನ ವಿಷಯಕ್ಕೆ ಇನ್ನೆರಡು ಮಾತು ಬೇಕು, ಯಾಕೆಂದರೆ ನಮ್ಮ ಯಕ್ಷಗಾನದ ದೊಡ್ಡ ಭಂಡಾರ ಇರುವುದು ಅದರಲ್ಲಿ. ಸೆಕೆಂಡಿಗೆ ಐದು ಸೆಂಟಿಮೀಟರೂ ಓಡದ ಸಪೂರ ಟೇಪು ಅದು. ಹಳೆಯ ಕ್ಯಾಸೆಟ್ ಹಾಕಿದಾಗ ಎಲ್ಲವೂ ಕಂಬಳಿ ಹೊದ್ದಂತೆ ಕೇಳಿದರೆ ಜನ ಟ್ರೆಬಲ್ ಪೂರ್ತಿ ತಿರುಗಿಸುತ್ತಾರೆ. ಮೊದಲು ನೋಡಬೇಕಾದ್ದು ಹೆಡ್. ಅದರ ಮೇಲೆ ಕಂದು ಪುಡಿ ಕೂತಿದ್ದರೆ ಹತ್ತಿ, ಸ್ಪಿರಿಟ್‌ನಿಂದ ಒರೆಸಬೇಕು. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ. ಮುದ್ರಿಸಿದ ಯಂತ್ರದ ಹೆಡ್ ನಿಂತ ಕೋನಕ್ಕೂ ನಿಮ್ಮ ಯಂತ್ರದ ಹೆಡ್ ನಿಂತ ಕೋನಕ್ಕೂ ಕೂದಲೆಳೆ ವ್ಯತ್ಯಾಸವಾದರೂ ಮೇಲಿನ ಸ್ವರಗಳು ಮಾಯವಾಗುತ್ತವೆ. ಹಾಡು ಓಡುತ್ತಿರುವಾಗಲೇ ಆ ಸ್ಕ್ರೂವನ್ನು ತುಸುತುಸುವೇ ತಿರುಗಿಸಿದರೆ ಒಂದು ಜಾಗದಲ್ಲಿ ತಾಳ ಸಟ್ಟನೆ ತೆರೆದುಕೊಳ್ಳುತ್ತದೆ. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿರುವ ಹವ್ಯಾಸಿಗಳು ಈ ಕೆಲಸವನ್ನು ಪ್ರತಿ ಕ್ಯಾಸೆಟ್ಟಿಗೂ ಮಾಡಬೇಕು, ಟೋನ್ ನಾಬನ್ನು ಮಾತ್ರ ಆಗ ಮುಟ್ಟಲೇಬಾರದು. ಟ್ರೆಬಲ್ ಕತ್ತರಿಸಿ ಇಳಿಸಿದ ಫೈಲಿಗೆ ಮುಂದೆ ಯಾರೂ ಅದನ್ನು ಮರಳಿಸಲಾರರು. ಕೇಳುವಾಗ ಬೇಕಾದಷ್ಟು ತಿರುಗಿಸಿಕೊಳ್ಳಲಿ.

ಇಲ್ಲದ್ದನ್ನು ನಾಬ್ ಹುಟ್ಟಿಸುವುದಿಲ್ಲ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿಯನ್ನು ಬ್ರಹ್ಮಾವರದ ಮೀಡಿಯಂ ವೇವ್ ಟ್ರಾನ್ಸ್‌ಮಿಟರಿನಿಂದ ಕೇಳುತ್ತಿದ್ದ ಕಾಲದಲ್ಲಿ ಟ್ರೆಬಲ್ ಎಷ್ಟು ಏರಿಸಿದರೂ ಗುಡುಗುಮಿಂಚಿನ ಚರಚರವಷ್ಟೇ ಏರುತ್ತಿತ್ತು. ಮೀಡಿಯಂ ವೇವಿನ ಸ್ಟೇಶನ್ನುಗಳ ನಡುವಿನ ಅಂತರ 9 ಕಿಲೋಹರ್ಟ್ಸ್, ಹಾಗಾಗಿ ಸಂಗೀತಕ್ಕೆ ದಕ್ಕುವುದು ಅದರ ಅರ್ಧದಷ್ಟು. 15 ಕಿಲೋಹರ್ಟ್ಸ್‌ವರೆಗೆ ಸಾಗಿಸುವ ಎಫ್‌ಎಂನಲ್ಲಿ, ಮಂಗಳೂರಿನದಾಗಲಿ ರೇಡಿಯೋ ಮಣಿಪಾಲದ 90.4 ಆಗಲಿ, ಆ ನಾಬಿಗೆ ಕೆಲಸವಿದೆ. ವಯಸ್ಸಾದವರ ಕಿವಿಯದ್ದೂ ಹೆಚ್ಚುಕಡಿಮೆ ಮೀಡಿಯಂ ವೇವಿನ ಕಥೆ. ಅರವತ್ತು ದಾಟಿದವರಿಗೆ ತೀರಾ ಮೇಲಿನ ಸ್ವರಗಳು ಕೇಳುವುದೇ ಕಡಿಮೆ. ಅಜ್ಜ ಟ್ರೆಬಲ್ ಏರಿಸಿ ಸುಖವಾಗಿ ಕೇಳುವಾಗ ಮೊಮ್ಮಗಳು ಕಿವಿ ಮುಚ್ಚಿಕೊಂಡು ಓಡುತ್ತಾಳೆ. ಇಬ್ಬರೂ ಸರಿಯೇ.

ಹದ ಮಾಡುವುದಕ್ಕೆ ಸಂಗೀತಕ್ಕಿಂತ ಮಾತು ಒಳ್ಳೆಯದು. ಎರಡೂ ನಾಬ್‌ಗಳನ್ನು ನಡುವೆ, ‘ಟಕ್’ ಎನ್ನುವ ಜಾಗದಲ್ಲಿಟ್ಟು ಪ್ರದೇಶ ಸಮಾಚಾರ ಹಾಕಿ. ಮನುಷ್ಯರ ಮಾತು ಹೇಗಿರುತ್ತದೆಂದು ಕಿವಿಗೆ ಯಾರೂ ಹೇಳಿಕೊಡಬೇಕಿಲ್ಲ. ಓದುವವರು ಕೊಡದೊಳಗಿಂದ ಮಾತಾಡಿದ ಹಾಗಿದ್ದರೆ ಬೇಸ್ ಇಳಿಸಿ. ‘ಸ’ಕಾರ ಸಿಳ್ಳೆ ಹೊಡೆದರೆ ಟ್ರೆಬಲ್ ಇಳಿಸಿ. ಅದಾದ ಮೇಲೆ ಚೆನ್ನಾಗಿ ಗೊತ್ತಿರುವ ಒಂದು ಕೃತಿ, ಒಂದು ಪದ್ಯ. ನಾಬ್ ತಿರುಗಿಸಿದ ತಕ್ಷಣ ತೀರ್ಪು ಕೊಡಬೇಡಿ. ಕಿವಿ ಬಹಳ ಬೇಗ ಒಗ್ಗಿಕೊಳ್ಳುತ್ತದೆ, ಒಂದು ಹಾಡು ಪೂರ್ತಿ ಕೇಳಿದ ಮೇಲೆ ನಡುಗೆರೆಗೆ ಮರಳಿಸಿ ಹೋಲಿಸಿ. ಹೋಲಿಸುವಾಗ ವಾಲ್ಯೂಮ್ ಒಂದೇ ಸಮ ಇರಲಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ, ಅಂಗಡಿಗಳಲ್ಲಿ ಮಾರಾಟವಾಗುವುದೇ ಹಾಗೆ. ಸ್ಪೀಕರುಗಳ ವಿಷಯದಲ್ಲಿ ಬಹುಕಾಲ ಸಂಶೋಧನೆ ಮಾಡಿದ ಕೆನಡಾದ ಫ್ಲಾಯ್ಡ್ ಟೂಲ್ ಕೂಡ ಟೋನ್ ನಾಬ್‌ಗಳ ಪರವಾಗಿಯೇ ಬರೆದಿದ್ದಾರೆ. ಸ್ಟುಡಿಯೋದಿಂದ ಸ್ಟುಡಿಯೋಗೆ ಸ್ಪೀಕರುಗಳೇ ಒಂದೇ ಥರ ಇಲ್ಲದಿರುವಾಗ ಮುದ್ರಣಗಳು ಒಂದೇ ಥರ ಇರುವುದು ಹೇಗೆ ಎಂಬುದು ಅವರ ವಾದ.

ಕಾಪು, ಮಲ್ಪೆ ಕಡೆಯ ಕಡಲತಡಿಯವರಿಗೆ ಕೊನೆಯಲ್ಲೊಂದು ಮಾತು. ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಈ ನಾಬ್‌ಗಳೇ. ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ತೇವ, ಧೂಳು ಕೂತು ತಿರುಗಿಸಿದಾಗ ಕರಕರ ಎನ್ನುತ್ತದೆ, ಒಂದು ಬದಿಯ ಸ್ಪೀಕರ್ ಆಗಾಗ ಮೂಕಾಗುತ್ತದೆ. ಮಡಿವಂತರ ಸೆಟ್ಟುಗಳಲ್ಲಿ ಇದು ಇನ್ನೂ ಬೇಗ, ಯಾಕೆಂದರೆ ಅವರು ತಿರುಗಿಸುವುದೇ ಇಲ್ಲ. ಸೆಟ್ ಆಫ್ ಮಾಡಿ ವಾರಕ್ಕೊಮ್ಮೆ ಎರಡೂ ನಾಬ್‌ಗಳನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ಆಡಿಸಿದರೆ ಅರ್ಧ ರೋಗ ಹೋಗುತ್ತದೆ. ಹೋಗದಿದ್ದರೆ ಪ್ಲಗ್ ಕಿತ್ತು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಅದಕ್ಕೂ ಬಗ್ಗದಿದ್ದರೆ ಬದಲಾಯಿಸಬೇಕಾದ್ದು ಆ ಪುಟ್ಟ ಭಾಗ ಮಾತ್ರ, ಇಡೀ ಸೆಟ್ಟಲ್ಲ. ರಿಪೇರಿಯವರು ಬಿಚ್ಚಿದಾಗ ಅದರ ಬೆನ್ನಿನ ಮೇಲೆ ‘ಬಿ 100ಕೆ’ ಎಂದೋ ‘ಬಿ 50ಕೆ’ ಎಂದೋ ಬರೆದಿರುತ್ತದೆ. ಅದೇ ಅಕ್ಷರ, ಅದೇ ಸಂಖ್ಯೆಯದನ್ನು ಹಾಕಿಸಿ. ವಾಲ್ಯೂಮಿಗೆ ಹಾಕುವ ‘ಎ’ ಜಾತಿಯದನ್ನು ಅಲ್ಲಿ ಕೂರಿಸಿದರೆ ನಾಬ್ ನಡುಗೆರೆಯಲ್ಲಿದ್ದರೂ ಸದ್ದು ಒಂದು ಬದಿಗೆ ವಾಲಿಕೊಂಡೇ ಇರುತ್ತದೆ.